ವಾಲ್ಯೂಮ್ ಇಳಿಸಿದರೂ ಹಾಡು ಸೊರಗದಿರಲಿ

ರಾತ್ರಿ ಹನ್ನೊಂದು ಗಂಟೆ. ಮನೆಯವರೆಲ್ಲ ಮಲಗಿದ್ದಾರೆ. ನಿಮಗೆ ಈಗಷ್ಟೇ ಬಿಡುವು ಸಿಕ್ಕಿದೆ, ಒಂದು ಹಾಡು ಕೇಳೋಣ ಅನ್ನಿಸಿದೆ. ವಾಲ್ಯೂಮ್ ಚೆನ್ನಾಗಿ ಇಳಿಸಿ ಹಾಕುತ್ತೀರಿ. ಹಗಲು ಎದೆಗೆ ತಾಕುತ್ತಿದ್ದ ಮೃದಂಗ ಈಗ ಯಾರೋ ರಟ್ಟಿನ ಡಬ್ಬಿ ತಟ್ಟಿದ ಹಾಗೆ ಕೇಳುತ್ತದೆ. ಹಾಡುವವರ ದನಿ ಪಕ್ಕದ ಕೋಣೆಯ ರೇಡಿಯೋದಿಂದ ಬಂದಂತಿದೆ. ಸ್ವಲ್ಪ ಜಾಸ್ತಿ ಮಾಡಿದರೆ ಜೀವ ಬರುತ್ತದೆ, ಆದರೆ ಒಳಗಿನಿಂದ ಯಾರೋ ಬೇಕಂತಲೇ ಕೆಮ್ಮುತ್ತಾರೆ. ಮತ್ತೆ ಇಳಿಸುತ್ತೀರಿ.

ಇಂಥ ಹೊತ್ತಿನಲ್ಲಿ ಬೈಗುಳ ಬೀಳುವುದು ಸ್ಪೀಕರಿಗೆ. ನಾನೂ ಬೈದಿದ್ದೆ. ಆಮೇಲೆ ಆಂಪ್ಲಿಫೈಯರಿಗೆ ಶಕ್ತಿ ಸಾಲದೇನೋ ಅಂದುಕೊಂಡು ದುಪ್ಪಟ್ಟು ವ್ಯಾಟಿನದ್ದು ತಂದೆ. ರಾತ್ರಿಯ ಹಾಡು ಇದ್ದ ಹಾಗೇ ಇತ್ತು. ಲೆಕ್ಕ ಹಾಕಿ ನೋಡಿದ್ದು ಆಮೇಲೆ! ಸಾಧಾರಣ ಸ್ಪೀಕರ್ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 86 ಡೆಸಿಬೆಲ್ ಸದ್ದು ಮಾಡುತ್ತದೆ. ಅದೇ ಜಾಗದಲ್ಲಿ ನಮಗೆ 60 ಡೆಸಿಬೆಲ್ ಸಾಕು ಅಂದರೆ ಬೇಕಾಗುವುದು ಒಂದು ವ್ಯಾಟಿನ ನಾನೂರನೇ ಒಂದು ಪಾಲು. ನನ್ನ ಹೊಸ ಆಂಪ್‌ನ ನೂರು ವ್ಯಾಟ್ ರಾತ್ರಿಯಿಡೀ ಸುಮ್ನೆ ಕೂತಿರುತ್ತಿತ್ತು.

ಅಂದರೆ ತೊಂದರೆ ಇದ್ದದ್ದು ಪೆಟ್ಟಿಗೆಯಲ್ಲಲ್ಲ. ಕಿವಿಯಲ್ಲಿ. ನಿಮ್ಮ ಕಿವಿ, ನನ್ನ ಕಿವಿ, ಎಲ್ಲರ ಕಿವಿಯೂ ಹಾಗೇ.

ಮೊದಲು ಕಿವಿಯ ಕತೆ

ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಮಾತಿನ ಸ್ಪಷ್ಟತೆ ಇರುವ ನಡುವಿನ ಸ್ವರಗಳಿಗೆ ಅದು ಬಹಳ ಚುರುಕು. ಆಳದ ಸ್ವರಗಳಿಗೆ ಮಂದ. ಇದನ್ನು 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದರು. ಆಮೇಲೆ ಬೇರೆಯವರು ಮತ್ತೆ ಮತ್ತೆ ಅಳೆದು ತಿದ್ದಿದರು. ಈಗ ಅದು ಐಎಸ್‌ಒ 226 ಅನ್ನುವ ಅಂತರರಾಷ್ಟ್ರೀಯ ಮಾನದಂಡ. 2003ರಲ್ಲಿ ಅದನ್ನು ದೊಡ್ಡ ಮಟ್ಟಿಗೆ ತಿದ್ದಿದ್ದಾರೆ.

ಅದರಲ್ಲಿನ ಅಂಕಿ ನೋಡಿದರೆ ಬೆರಗಾಗುತ್ತದೆ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅಂಕಿ ಚಿಕ್ಕದಾದಷ್ಟೂ ಸ್ವರ ಆಳ. 1000 ಹರ್ಟ್ಜ್‌ನ ಸ್ವರ ಎರಡೋ ಮೂರೋ ಡೆಸಿಬೆಲ್ ಇದ್ದರೂ ಕಿವಿಗೆ ಬೀಳುತ್ತದೆ. 50 ಹರ್ಟ್ಜ್‌ನ ಸ್ವರ ಕೇಳಲು ಶುರುವಾಗುವುದೇ 44 ಡೆಸಿಬೆಲ್ ಆಸುಪಾಸಿನಲ್ಲಿ. ಅದಕ್ಕಿಂತ ಕೆಳಗೆ ಆ ಸ್ವರ ಗಾಳಿಯಲ್ಲಿ ಇದ್ದೂ ಇಲ್ಲದ ಹಾಗೆ. 1000 ಹರ್ಟ್ಜ್‌ನಲ್ಲಿ 40 ಡೆಸಿಬೆಲ್ ಇರುವ ಸದ್ದು ಎಷ್ಟು ಜೋರು ಅನ್ನಿಸುತ್ತದೋ, 50 ಹರ್ಟ್ಜ್‌ನ ಸದ್ದೂ ಅಷ್ಟೇ ಜೋರು ಅನ್ನಿಸಬೇಕಾದರೆ ಅದು ಸುಮಾರು 78 ಡೆಸಿಬೆಲ್ ಇರಬೇಕು.

ವಾಲ್ಯೂಮ್ ಗುಂಡಿ ಮಾತ್ರ ಎಲ್ಲ ಸ್ವರಗಳನ್ನೂ ಒಂದೇ ಸಮ ಇಳಿಸುತ್ತದೆ. ನಡುವಿನ ಸ್ವರ 20 ಡೆಸಿಬೆಲ್ ಇಳಿದರೆ ಬೇಸ್, ಅಂದರೆ ಆಳದ ಸ್ವರ, ಕೂಡ 20 ಇಳಿಯುತ್ತದೆ. ಆದರೆ ಕಿವಿಯ ಮಟ್ಟಿಗೆ ಬೇಸ್ ಅದಕ್ಕಿಂತ ಎಷ್ಟೋ ಜಾಸ್ತಿ ಇಳಿದಿರುತ್ತದೆ. ಹಾಡಿನ ಕೆಳಗಿನ ಅರ್ಧ ಕಿವಿಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಮೇಲಿನ ಅರ್ಧ ಮಾತ್ರ ಒಳಗೆ ಬರುತ್ತದೆ. ಡಬ್ಬಿ ಸದ್ದು ಅನ್ನಿಸುವುದು ಇದಕ್ಕೇ.

ಹಾಗಾಗಿ ಮಾಡಬೇಕಾದ ಕೆಲಸ ನಾಲ್ಕು. ಸದ್ದನ್ನು ಮುಚ್ಚಿಹಾಕುವ ಗದ್ದಲ ಕಡಿಮೆ ಮಾಡುವುದು, ಸ್ಪೀಕರಿಗೆ ಹತ್ತಿರ ಬರುವುದು, ಸ್ಪೀಕರನ್ನು ಸರಿಯಾಗಿ ಇಡುವುದು, ಕಳೆದುಹೋದ ಬೇಸನ್ನು ಅಳತೆಯಾಗಿ ವಾಪಸ್ ಕೊಡುವುದು. ಇದೇ ಕ್ರಮದಲ್ಲಿ ಮಾಡಿ. ಎಲ್ಲರೂ ನಾಲ್ಕನೆಯದರಿಂದ ಶುರು ಮಾಡುತ್ತಾರೆ. ಆಮೇಲೆ ಬೇಸ್ ಗುಂಯ್ ಅಂತ ಕೂಗುತ್ತದೆ, ಹಾಡಿಗೆ ಮಾತ್ರ ಜೀವ ಬರುವುದಿಲ್ಲ.

ಹೆಜ್ಜೆ 1: ಕೋಣೆಯ ಬಾಯಿ ಮುಚ್ಚಿಸಿ

ಮೊದಲು ಹಾಡು ನಿಲ್ಲಿಸಿ. ನೀವು ಕೂರುವ ಜಾಗದಲ್ಲೇ ಕಣ್ಣು ಮುಚ್ಚಿ ಒಂದು ನಿಮಿಷ ಕೂರಿ. ಏನೇನು ಕೇಳುತ್ತದೆ ಎಣಿಸಿ. ಫ್ಯಾನ್, ಫ್ರಿಜ್, ಕಂಪ್ಯೂಟರ್ ಒಳಗಿನ ಚಿಕ್ಕ ಫ್ಯಾನ್, ಕಿಟಕಿಯ ಸಂದಿಯಿಂದ ಬರುವ ರಸ್ತೆಯ ಮೊರೆತ. ನಾವು ಇವನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿರುತ್ತೇವೆ. ಆದರೂ ಅವು ಹಾಡಿನ ಸಣ್ಣ ಸಂಗತಿಗಳನ್ನು ನುಂಗುತ್ತಲೇ ಇರುತ್ತವೆ.

ತೀರಾ ಶಾಂತವಾದ ಮಲಗುವ ಕೋಣೆಯಲ್ಲೂ ಸುಮಾರು 30 ಡೆಸಿಬೆಲ್ ಗದ್ದಲ ಇರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅದು 45, 50ಕ್ಕೂ ಏರಬಹುದು. ನೀವು ಹಾಡು ಕೇಳುವುದು 55ರಲ್ಲಿ ಅಂದುಕೊಳ್ಳಿ. ಗದ್ದಲಕ್ಕೂ ಹಾಡಿಗೂ ನಡುವೆ ಉಳಿದದ್ದು ಐದೇ ಡೆಸಿಬೆಲ್. ತಂಬೂರಿ, ಉಸಿರಿನ ಎಳೆ, ತಂತಿ ಮೀಟಿದ ಮೇಲೆ ಉಳಿಯುವ ನಾದ ಎಲ್ಲ ಆ ಗದ್ದಲದ ಕೆಳಗೆ ಮುಳುಗಿಹೋಗುತ್ತವೆ. ಫ್ಯಾನ್ ಒಂದು ಹಂತ ಇಳಿಸಿದರೆ ಹಾಡನ್ನು ಐದಾರು ಡೆಸಿಬೆಲ್ ಏರಿಸಿದಷ್ಟೇ ಲಾಭ, ಅದೂ ಯಾರ ನಿದ್ದೆಯೂ ಕೆಡದೆ. ಕಂಪ್ಯೂಟರ್ ಮೇಜಿನ ಮೇಲೆ ಇದ್ದರೆ ಕೆಳಗಿಡಿ. ಕಿಟಕಿ ಮುಚ್ಚಿ. ಫ್ರಿಜ್ ಇರುವ ಕಡೆಯ ಬಾಗಿಲು ಎಳೆದುಕೊಳ್ಳಿ. ಇಷ್ಟೇ.

ಇನ್ನೊಂದು ಮಾತು. ದಿನವಿಡೀ ಗಲಾಟೆಯಲ್ಲಿ ಇದ್ದು ಬಂದ ಕಿವಿಗೆ ಮೆಲ್ಲಗಿನ ಹಾಡು ತಕ್ಷಣ ಹಿಡಿಸುವುದಿಲ್ಲ. ಹತ್ತು ಹದಿನೈದು ನಿಮಿಷ ಕೊಡಿ. ಶುರುವಿನಲ್ಲಿ ಸಾಲದು ಅನ್ನಿಸಿದ ವಾಲ್ಯೂಮ್ ಮೂರನೇ ಹಾಡಿನ ಹೊತ್ತಿಗೆ ಸಾಕು ಅನ್ನಿಸುತ್ತದೆ. ಎಷ್ಟೋ ಸಲ ಇನ್ನೂ ಒಂದು ಚೂರು ಇಳಿಸಿದ್ದೇನೆ.

ಹೆಜ್ಜೆ 2: ಹತ್ತಿರ ಬನ್ನಿ

ಬರೀ ಒಂದೇ ಕೆಲಸ ಮಾಡಲು ಆಗುವುದು ಅಂತಾದರೆ ಇದನ್ನು ಮಾಡಿ. ಇದಕ್ಕೆ ಖರ್ಚೂ ಇಲ್ಲ.

ಬಯಲಿನಲ್ಲಿ ಸ್ಪೀಕರಿಗೂ ನಿಮಗೂ ಇರುವ ದೂರ ಅರ್ಧಕ್ಕೆ ಇಳಿದರೆ ಸದ್ದು 6 ಡೆಸಿಬೆಲ್ ಏರುತ್ತದೆ. ಕೋಣೆಯೊಳಗೆ ಗೋಡೆಗಳೂ ಸದ್ದನ್ನು ವಾಪಸ್ ಎಸೆಯುವುದರಿಂದ ಅಷ್ಟು ಏರುವುದಿಲ್ಲ. ಆದರೆ ಸ್ಪೀಕರಿನಿಂದ ನೇರವಾಗಿ ಕಿವಿಗೆ ಬರುವ ಸದ್ದಿನ ಲೆಕ್ಕ ಹಾಗೇ ಉಳಿಯುತ್ತದೆ. ಸ್ಪಷ್ಟತೆ ಇರುವುದು ಆ ನೇರ ಸದ್ದಿನಲ್ಲಿ. ಗೋಡೆ, ನೆಲ, ಸೂರು ಮುಟ್ಟಿ ಬರುವ ಸದ್ದು ಅದನ್ನು ಕಲಕುತ್ತದೆ. ಮೂರು ಮೀಟರ್ ದೂರದ ಸೋಫಾ ಬಿಟ್ಟು ಒಂದೂವರೆ ಮೀಟರಿಗೆ ಕುರ್ಚಿ ಎಳೆದುಕೊಂಡರೆ ಆ ಕಲಕು ಪಾಲು ಕಡಿಮೆಯಾಗುತ್ತದೆ. ಪಕ್ಕದ ಕೋಣೆಗೆ ಹೋಗುವ ಸದ್ದು ಇದ್ದಷ್ಟೇ ಇರುತ್ತದೆ. ನಿಮ್ಮ ಕಿವಿಗೆ ಮಾತ್ರ ಜಾಸ್ತಿ ಸಿಗುತ್ತದೆ.

ಸ್ಪೀಕರುಗಳ ನಡುವಿನ ದೂರವೂ ಅದಕ್ಕೆ ತಕ್ಕ ಹಾಗೆ ಇಳಿಯಲಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಮೂರೂ ಬದಿ ಸಮ ಇರುವ ತ್ರಿಕೋನ ಆಗಬೇಕು. ಒಂದೂವರೆ ಮೀಟರ್ ದೂರದಲ್ಲಿ ಕೂತಿದ್ದೀರಾ, ಸ್ಪೀಕರುಗಳ ನಡುವೆಯೂ ಹೆಚ್ಚುಕಡಿಮೆ ಒಂದೂವರೆ ಮೀಟರ್ ಇರಲಿ. ಟೇಪು ಹಿಡಿದು ಅಳೆಯಿರಿ. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಎಡದ್ದು ಬಲದ್ದಕ್ಕಿಂತ ಒಂದು ಗೇಣು ಹತ್ತಿರ ಇದ್ದರೂ ಹಾಡುವವರು ಎಡಕ್ಕೆ ಜರುಗಿ ನಿಲ್ಲುತ್ತಾರೆ.

ಪ್ರತಿ ರಾತ್ರಿ ಸ್ಪೀಕರ್ ಎತ್ತಿಡುವುದು ಆಗದ ಮಾತು, ನಿಜ. ನಾನು ಮಾಡುವುದು ಕುರ್ಚಿ ಎಳೆಯುವುದಷ್ಟೇ. ನೆಲದ ಮೇಲೆ ಸಣ್ಣ ಟೇಪಿನ ಗುರುತು ಹಾಕಿಕೊಂಡಿದ್ದೇನೆ. ತ್ರಿಕೋನ ಸ್ವಲ್ಪ ಅಗಲವಾಗುತ್ತದೆ. ಸ್ಪೀಕರುಗಳ ಮೂತಿಯನ್ನು ಒಳಗೆ ತಿರುಗಿಸಿದರೆ ಅದೇನೂ ಗೊತ್ತಾಗುವುದಿಲ್ಲ.

ಹೆಜ್ಜೆ 3: ಮೂತಿ, ಎತ್ತರ, ಗೋಡೆ

ಟ್ವೀಟರ್, ಅಂದರೆ ಆ ಚಿಕ್ಕ ಗುಮ್ಮಟ, ಕಿವಿಯ ಎತ್ತರಕ್ಕೆ ಇರಬೇಕು. ಎತ್ತರದ ಸ್ವರಗಳು ಟಾರ್ಚ್ ಬೆಳಕಿನ ಹಾಗೆ, ಮುಂದಕ್ಕೇ ಹೋಗುತ್ತವೆ. ಸ್ಪೀಕರ್ ಮಂಡಿಯ ಮಟ್ಟದಲ್ಲಿ ಇದ್ದರೆ ಆ ಬೆಳಕು ನಿಮ್ಮ ಹೊಟ್ಟೆಗೆ ಬೀಳುತ್ತದೆ. ಎತ್ತರಿಸಲು ಆಗದಿದ್ದರೆ ಮುಂದಿನ ಅಂಚಿನ ಕೆಳಗೆ ಏನಾದರೂ ಕೊಟ್ಟು ಮೂತಿ ಮೇಲಕ್ಕೆ ಮಾಡಿ. ಜೋರಾಗಿ ಹಾಕಿದಾಗ ಈ ತಪ್ಪು ಮುಚ್ಚಿಹೋಗುತ್ತದೆ. ಮೆಲ್ಲಗೆ ಹಾಕಿದಾಗ ಎದ್ದು ಕಾಣುತ್ತದೆ.

ಗೋಡೆಯ ವಿಷಯದಲ್ಲಿ ಸಾಮಾನ್ಯ ಬುದ್ಧಿವಾದ ಒಂದಿದೆ: ಸ್ಪೀಕರನ್ನು ಗೋಡೆಯಿಂದ ದೂರ ಇಡಿ, ಇಲ್ಲದಿದ್ದರೆ ಬೇಸ್ ಉಬ್ಬುತ್ತದೆ. ಜೋರಾಗಿ ಕೇಳುವವರಿಗೆ ಅದು ಸರಿ. ಮೆಲ್ಲಗೆ ಕೇಳುವ ನಮಗೆ ಆ ಉಬ್ಬೇ ಬೇಕಾದದ್ದು ಅಲ್ವಾ? ಆಳದ ಸ್ವರ ಸುತ್ತಲೂ ಹರಡುತ್ತದೆ. ಬೆನ್ನಿಗೆ ಗೋಡೆ ಇದ್ದರೆ ಹಿಂದೆ ಹೋಗುವುದೂ ಮುಂದಕ್ಕೇ ಬರುತ್ತದೆ. ಲೆಕ್ಕದ ಪ್ರಕಾರ ಒಂದು ಗೋಡೆ ತೀರಾ ಹತ್ತಿರ ಇದ್ದರೆ 6 ಡೆಸಿಬೆಲ್ ತನಕ ಬೇಸ್ ಸಿಗಬಹುದು. ನಿಜವಾದ ಕೋಣೆಯಲ್ಲಿ ಅದಕ್ಕಿಂತ ಕಡಿಮೆ ಸಿಗುತ್ತದೆ, ಆದರೂ ಚೆನ್ನಾಗಿ ಗೊತ್ತಾಗುತ್ತದೆ. ಸ್ಪೀಕರ್ ಹಿಂಭಾಗದಲ್ಲಿ ಗಾಳಿಯ ತೂತು ಇದ್ದರೆ ಒಂದು ಗೇಣು ಬಿಡಿ, ಪೂರ್ತಿ ಮುಚ್ಚಬೇಡಿ. ಮೂಲೆಗೆ ಮಾತ್ರ ತಳ್ಳಬೇಡಿ. ಅಲ್ಲಿ ಎರಡು ಗೋಡೆ ಸೇರಿ ಒಂದೆರಡು ಸ್ವರಗಳನ್ನು ಮಾತ್ರ ಎತ್ತಿ ಹಿಡಿಯುತ್ತವೆ, ಉಳಿದವು ಹಾಗೇ ಬಿದ್ದಿರುತ್ತವೆ. ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗಿರುತ್ತದೆ.

ಆ ಗೋಡೆಯ ಆಚೆ ಯಾರಾದರೂ ಮಲಗಿದ್ದಾರಾ ನೋಡಿಕೊಳ್ಳಿ. ಇದ್ದರೆ ಸ್ಪೀಕರಿಗೆ ಬೇರೆ ಗೋಡೆ ಹುಡುಕಿ.

ಹೆಜ್ಜೆ 4: ಬೇಸ್ ವಾಪಸ್ ಕೊಡುವುದು

ಇದರಲ್ಲಿ ಸ್ವಲ್ಪ ತಾಳ್ಮೆ ಬೇಕು. ಆದರೆ ಒಂದು ಸಲ ಮಾಡಿದರೆ ಮುಗಿಯಿತು.

ಎಷ್ಟು ಕೊಡಬೇಕು? ನೀವು ಹಗಲು ಕೇಳುವ ಮಟ್ಟಕ್ಕಿಂತ ರಾತ್ರಿ 20 ಡೆಸಿಬೆಲ್ ಕಡಿಮೆ ಕೇಳುತ್ತೀರಿ ಅಂದುಕೊಳ್ಳೋಣ. ಮೇಲೆ ಹೇಳಿದ ಮಾನದಂಡದ ಗೆರೆಗಳ ಪ್ರಕಾರ 50 ಹರ್ಟ್ಜ್‌ನಲ್ಲಿ 7-8 ಡೆಸಿಬೆಲ್, 100 ಹರ್ಟ್ಜ್‌ನಲ್ಲಿ ಸುಮಾರು 6 ಡೆಸಿಬೆಲ್ ಕೊರತೆ ಬೀಳುತ್ತದೆ. ಅಷ್ಟು ಕೊಟ್ಟರೆ ಹಾಡಿನ ಮೈಕಟ್ಟು ಹಗಲಿನ ಹಾಗೇ ಕೇಳುತ್ತದೆ. ಟ್ರೆಬಲ್, ಅಂದರೆ ಎತ್ತರದ ಸ್ವರ, ಕೂಡ ಒಂದು ಚೂರು ಸೊರಗುತ್ತದೆ. ಒಂದೋ ಎರಡೋ ಡೆಸಿಬೆಲ್ ಕೊಟ್ಟರೆ ಸಾಕು, ಕೊಡದಿದ್ದರೂ ನಡೆಯುತ್ತದೆ.

ನಿಮ್ಮ ಬಳಿ ಏನಿದೆ ಅನ್ನುವುದರ ಮೇಲೆ ದಾರಿ ಬೇರೆ ಬೇರೆ.

ಹಳೆಯ ಆಂಪ್ ಇದ್ದರೆ ಅದರ ಮುಖದ ಮೇಲೆ ‘ಲೌಡ್‌ನೆಸ್’ ಅನ್ನುವ ಬಟನ್ ಇರುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ ಜನ ಅದನ್ನು ಮುಟ್ಟುವುದೇ ಇಲ್ಲ. ಶುದ್ಧ ಸಂಗೀತ ಕೇಳುವವರು ಅದನ್ನು ಒತ್ತಬಾರದು ಅನ್ನುವ ಒಂದು ಬಿಗುಮಾನವೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಬಟನ್ ಹುಟ್ಟಿದ್ದೇ ಈ ಕೆಲಸಕ್ಕೆ. ವಾಲ್ಯೂಮ್ ಕೆಳಗಿರುವಾಗ ಬೇಸನ್ನು, ಕೆಲವದರಲ್ಲಿ ಸ್ವಲ್ಪ ಟ್ರೆಬಲನ್ನೂ, ಎತ್ತಿಕೊಡುತ್ತದೆ. ಗುಂಡಿ ಮೇಲೆ ಹೋದ ಹಾಗೆ ತಾನೇ ಕಡಿಮೆ ಮಾಡುತ್ತದೆ. ಅದರ ಒಂದೇ ಕುಂದು ಎಂದರೆ ಅದಕ್ಕೆ ಗುಂಡಿಯ ಜಾಗ ಮಾತ್ರ ಗೊತ್ತು, ಕೋಣೆಯಲ್ಲಿ ನಿಜವಾಗಿ ಎಷ್ಟು ಸದ್ದಿದೆ ಅಂತ ಗೊತ್ತಿಲ್ಲ. ಕೆಲವು ಸ್ಪೀಕರ್ ಜೊತೆ ಅಳತೆ ಸರಿ ಬರುತ್ತದೆ, ಕೆಲವದರ ಜೊತೆ ಅತಿಯಾಗುತ್ತದೆ. ಅತಿಯಾದರೆ ಬೇಸ್ ಗುಂಡಿಯನ್ನು ಒಂದು ಗೆರೆ ಇಳಿಸಿ ಹೊಂದಿಸಿ.

ಯಮಹಾದ ಕೆಲವು ಆಂಪ್‌ಗಳಲ್ಲಿ ಲೌಡ್‌ನೆಸ್‌ಗೆ ಬಟನ್ ಬದಲು ತಿರುಗಿಸುವ ಗುಂಡಿಯೇ ಇರುತ್ತದೆ. ಅದನ್ನು ಬಳಸುವ ಕ್ರಮ ಎಷ್ಟೋ ಜನರಿಗೆ ಗೊತ್ತಿಲ್ಲ. ಮೊದಲು ಅದನ್ನು ‘ಫ್ಲಾಟ್’ನಲ್ಲಿ ಇಟ್ಟು, ಮುಖ್ಯ ವಾಲ್ಯೂಮನ್ನು ನೀವು ಕೇಳುವ ಅತಿ ಜೋರಿನ ಮಟ್ಟಕ್ಕೆ ತರಬೇಕು. ಆಮೇಲೆ ಮುಖ್ಯ ಗುಂಡಿ ಮುಟ್ಟದೆ ಲೌಡ್‌ನೆಸ್ ಗುಂಡಿಯಿಂದಲೇ ಸದ್ದು ಇಳಿಸಬೇಕು. ಅದು ನಡುವಿನ ಸ್ವರಗಳನ್ನು ಜಾಸ್ತಿ ಇಳಿಸಿ, ಬೇಸನ್ನು ಕಡಿಮೆ ಇಳಿಸುತ್ತದೆ. ಜಾಣ ಕೆಲಸ.

ಹೋಮ್ ಥಿಯೇಟರ್ ರಿಸೀವರ್ ಇರುವವರು ಸೆಟ್ಟಿಂಗ್‌ನಲ್ಲಿ ‘ಆಡಿಸ್ಸಿ ಡೈನಾಮಿಕ್ ಇಕ್ಯೂ’ ಥರದ್ದು ಇದೆಯಾ ನೋಡಿ. ಮೈಕ್ ಇಟ್ಟು ಕೋಣೆಯನ್ನು ಅಳೆದ ಮೇಲೆ ಇದು ಕೆಲಸ ಮಾಡುತ್ತದೆ. ಅದಕ್ಕೆ ನಿಜವಾದ ಸದ್ದಿನ ಅಂದಾಜು ಇರುತ್ತದೆ, ಆದ್ದರಿಂದ ಹಳೆಯ ಬಟನ್‌ಗಿಂತ ನಿಖರ. ಸಿನಿಮಾಗಳನ್ನು ಒಂದು ಗೊತ್ತಾದ ಮಟ್ಟಕ್ಕೆ ಮಿಕ್ಸ್ ಮಾಡಿರುತ್ತಾರೆ, ಹಾಡುಗಳಿಗೆ ಅಂಥ ನಿಯಮ ಇಲ್ಲ. ಅದಕ್ಕೇ ಹಾಡು ಕೇಳುವಾಗ ಬೇಸ್ ವಿಪರೀತ ಅನ್ನಿಸಿದರೆ ಅದರೊಳಗಿನ ‘ರೆಫರೆನ್ಸ್ ಲೆವೆಲ್ ಆಫ್‌ಸೆಟ್’ ಅನ್ನು 10 ಅಥವಾ 15ಕ್ಕೆ ಇಡಿ. ತಗ್ಗುತ್ತದೆ.

ಇವು ಯಾವುವೂ ಇಲ್ಲದಿದ್ದರೆ ಫೋನ್ ಅಥವಾ ಕಂಪ್ಯೂಟರಿನ ಈಕ್ವಲೈಜರ್, ಅಂದರೆ ಬೇರೆ ಬೇರೆ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ, ಸಾಕು. ವಿಂಡೋಸ್‌ಗೆ ಈಕ್ವಲೈಜರ್ ಎಪಿಒ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ನಾನು ಹೊಂದಿಸಿಕೊಂಡ ಬಗೆ ಹೇಳುತ್ತೇನೆ. ನಿಮ್ಮ ಕೋಣೆಗೆ ಅಂಕಿ ಬೇರೆ ಬರುತ್ತದೆ, ಕ್ರಮ ಇದೇ.

ಚೆನ್ನಾಗಿ ಗೊತ್ತಿರುವ ಒಂದು ಹಾಡು ಆರಿಸಿಕೊಂಡೆ. ಅದರಲ್ಲಿ ತಬಲಾದ ಎಡಗೈ ಮತ್ತು ಒಬ್ಬರ ದನಿ ಎರಡೂ ಒಟ್ಟಿಗೆ ಬರುವ ಅರ್ಧ ನಿಮಿಷ ಇದೆ. ಹಗಲು ಕೇಳುವ ಮಟ್ಟದಲ್ಲಿ ಅದನ್ನು ಮೂರು ಸಲ ಕೇಳಿದೆ. ಎಡಗೈಯ ಗುಮಕಿ ದನಿಯ ಕೆಳಗೆ ಎಷ್ಟು ತುಂಬಿಕೊಂಡಿದೆ ಅನ್ನುವುದು ಮನಸ್ಸಿನಲ್ಲಿ ಕೂತಿತು. ಆಮೇಲೆ ರಾತ್ರಿಯ ಮಟ್ಟಕ್ಕೆ ಇಳಿಸಿದೆ. ಗುಮಕಿ ಮಾಯ, ಬೆರಳು ಚರ್ಮಕ್ಕೆ ತಾಗುವ ಟಕ್ ಅನ್ನುವ ಸದ್ದು ಮಾತ್ರ ಉಳಿದಿತ್ತು. ಈಕ್ವಲೈಜರಿನಲ್ಲಿ 100 ಹರ್ಟ್ಜ್‌ಗೆ ‘ಲೋ ಶೆಲ್ಫ್’ ಹಾಕಿದೆ. ಇದು ಆ ಅಂಕಿಯ ಆಸುಪಾಸಿನಿಂದ ಕೆಳಗಿನದೆಲ್ಲವನ್ನೂ ಒಟ್ಟಿಗೆ ಎತ್ತುತ್ತದೆ. ಮೊದಲು 3 ಡೆಸಿಬೆಲ್ ಕೊಟ್ಟೆ. ಗುಮಕಿ ಇದೆ ಅಂತ ಗೊತ್ತಾಯಿತು, ಮೈ ಬರಲಿಲ್ಲ. 6ಕ್ಕೆ ಏರಿಸಿದೆ. ಬಂತು. ಆಸೆಗೆ 9 ಮಾಡಿ ನೋಡಿದೆ. ಹಾಡುವವರಿಗೆ ನೆಗಡಿಯಾದ ಹಾಗೆ ಕೇಳಿತು! ದನಿಯ ಕೆಳಭಾಗವೂ ಉಬ್ಬಿತ್ತು. ವಾಪಸ್ 6ಕ್ಕೆ ಬಂದೆ.

ದನಿ ಕೆಡುವ ಅಂಚೇ ನಿಮ್ಮ ಗಡಿ. ಬೇಸ್ ಸಾಕಾ ಅಂತ ಬೇಸನ್ನೇ ಕೇಳುತ್ತಾ ಕೂತರೆ ಎಂದಿಗೂ ಸಾಕಾಗುವುದಿಲ್ಲ. ಮನುಷ್ಯರ ದನಿಯನ್ನು ಕೇಳಿ. ಅದು ದಪ್ಪವಾಯಿತು ಅನ್ನಿಸಿದ ಕೂಡಲೇ ಎರಡು ಡೆಸಿಬೆಲ್ ಹಿಂದೆ ಬನ್ನಿ.

ಡಿಜಿಟಲ್ ಈಕ್ವಲೈಜರ್‌ನಲ್ಲಿ ಒಂದು ಎಚ್ಚರ: 6 ಡೆಸಿಬೆಲ್ ಏರಿಸಿದರೆ, ಅದರಲ್ಲೇ ಇರುವ ‘ಪ್ರೀಆಂಪ್’, ಅಂದರೆ ಒಟ್ಟು ಸಿಗ್ನಲಿನ ಮಟ್ಟ, ಅದನ್ನು 6 ಡೆಸಿಬೆಲ್ ಇಳಿಸಿ. ಇಲ್ಲದಿದ್ದರೆ ಜೋರಾದ ಕಡೆ ಸಿಗ್ನಲ್ ಮಿತಿ ದಾಟಿ ಕರಕರ ಅನ್ನುತ್ತದೆ. ಮೆಲ್ಲಗೆ ಕೇಳುತ್ತಿದ್ದರೂ ಇದು ಆಗುತ್ತದೆ, ಯಾಕೆಂದರೆ ಮಿತಿ ಇರುವುದು ಫೈಲಿನೊಳಗಿನ ಲೆಕ್ಕದಲ್ಲಿ, ಗುಂಡಿಯಲ್ಲಲ್ಲ.

ಅಂಗೈ ಅಗಲದ ಸ್ಪೀಕರಿನಿಂದ 40 ಹರ್ಟ್ಜ್ ತೆಗೆಯಲು ಹೋಗಬೇಡಿ. ಇಲ್ಲದ್ದನ್ನು ಎಷ್ಟು ಎತ್ತಿದರೂ ಬರುವುದಿಲ್ಲ, ಕೋನ್ ಮಾತ್ರ ಒದ್ದಾಡುತ್ತದೆ. ಅಂಥ ಸ್ಪೀಕರಿಗೆ 100-120 ಹರ್ಟ್ಜ್ ಆಸುಪಾಸಿನಲ್ಲಿ ಮೂರ್ನಾಲ್ಕು ಡೆಸಿಬೆಲ್ ಕೊಟ್ಟರೆ ಸಾಕಷ್ಟು ತುಂಬಿದ ಹಾಗೆ ಕೇಳುತ್ತದೆ.

ಸಬ್‌ವೂಫರ್ ಇದ್ದರೆ

ಕೆಲಸ ಸುಲಭ. ಸಬ್‌ನ, ಅಂದರೆ ಬೇಸ್‌ಗೆಂದೇ ಇರುವ ಆ ಪೆಟ್ಟಿಗೆಯ, ಮಟ್ಟವನ್ನು ರಾತ್ರಿ ನಾಲ್ಕೈದು ಡೆಸಿಬೆಲ್ ಏರಿಸಿ, ಅಷ್ಟೇ. ಸಬ್ ಅಂದರೆ ನೆರೆಮನೆಯವರ ಜಗಳ ಅಂತ ಎಲ್ಲರಿಗೂ ಭಯ. ನಮ್ಮ ಕೆಲಸಕ್ಕೆ ಮಾತ್ರ ಅದು ಒಳ್ಳೆಯ ಸಂಗಾತಿ, ಯಾಕೆಂದರೆ ಅದನ್ನು ನಿಮ್ಮ ಕುರ್ಚಿಯ ಪಕ್ಕಕ್ಕೇ ತಂದಿಡಬಹುದು. ಆಳದ ಸ್ವರ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. ಕ್ರಾಸ್‌ಓವರ್, ಅಂದರೆ ಸ್ಪೀಕರ್ ಬಿಟ್ಟು ಸಬ್ ಕೆಲಸ ಶುರು ಮಾಡುವ ಗಡಿ, 80 ಹರ್ಟ್ಜ್ ಅಥವಾ ಅದಕ್ಕಿಂತ ಕೆಳಗೆ ಇರಲಿ, ಆಗ ಪೆಟ್ಟಿಗೆ ಎಲ್ಲಿದೆ ಅನ್ನುವುದು ಮರೆತೇ ಹೋಗುತ್ತದೆ. ಪಕ್ಕದಲ್ಲಿದ್ದರೆ ಕಡಿಮೆ ಸದ್ದಿಗೇ ನಿಮಗೆ ಸಾಕಾಗುತ್ತದೆ, ಗೋಡೆಗೆ ಹೋಗುವುದೂ ಕಡಿಮೆ. ಕೆಳಗೆ ದಪ್ಪ ಫೋಮ್ ಹಾಕಿ, ನೆಲ ನಡುಗಬಾರದು. ಜಾಗ ಬದಲಿಸಿದ ಮೇಲೆ ಫೇಸ್ ಸ್ವಿಚ್ಚನ್ನು 0 ಮತ್ತು 180 ಎರಡರಲ್ಲೂ ಇಟ್ಟು ನೋಡಿ, ಬೇಸ್ ತುಂಬಿ ಕೇಳುವುದು ಯಾವುದರಲ್ಲೋ ಅದೇ ಸರಿ.

ಫೋನಿನ ಸದ್ದು ಅಳೆಯುವ ಆಪ್ ನಂಬಿ ಸಬ್ ಹೊಂದಿಸಲು ಹೋಗಬೇಡಿ. ಆ ಆಪ್‌ಗಳು ಸಾಮಾನ್ಯವಾಗಿ ‘ಎ’ ತೂಕದಲ್ಲಿ ಅಳೆಯುತ್ತವೆ. ಅದು 50 ಹರ್ಟ್ಜ್ ಬೇಸನ್ನು 30 ಡೆಸಿಬೆಲ್ ಕಡಿಮೆ ಮಾಡಿ ಲೆಕ್ಕ ಹಿಡಿಯುತ್ತದೆ. ಮನೆ ನಡುಗುತ್ತಿದ್ದರೂ ಮುಳ್ಳು ಅಲುಗುವುದಿಲ್ಲ. ‘ಸಿ’ ಆಯ್ಕೆ ಇದ್ದರೆ ಅದನ್ನು ಬಳಸಿ.

ಗುಂಡಿಯ ತಳದ ತಂಟೆ

ಒಂದು ರಾತ್ರಿ ಹಾಡು ಹಾಕಿದಾಗ ಎಲ್ಲವೂ ಎಡಗಡೆಯಿಂದಲೇ ಬರುತ್ತಿತ್ತು. ಬಲಗಡೆಯ ಸ್ಪೀಕರ್ ಸತ್ತಿತು ಅಂದುಕೊಂಡೆ. ಮಂಡಿಯೂರಿ ಕೂತು ಅದರ ಬಲೆಗೆ ಕಿವಿ ಇಟ್ಟೆ. ಒಳಗೆ ಎಲ್ಲೋ ದೂರದಲ್ಲಿ ಹಾಡು ಕೇಳಿತು. ತಂತಿ ಬಿಚ್ಚಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ಈಗ ಹಾಡು ಬಲಗಡೆ. ಅಂದರೆ ಸ್ಪೀಕರ್ ಸರಿಯಿದೆ, ತಪ್ಪು ಆಂಪ್‌ನದು. ರಿಪೇರಿಗೆ ಕೊಟ್ಟೆ. ಬೆಂಚಿನ ಮೇಲೆ ಜೋರಾಗಿ ಹಾಕಿ ನೋಡಿ, ಏನೂ ಆಗಿಲ್ಲ ಅಂತ ವಾಪಸ್ ಕೊಟ್ಟರು. ನಿಜಕ್ಕೂ ಏನೂ ಆಗಿರಲಿಲ್ಲ.

ವಿಷಯ ಇಷ್ಟು. ತಿರುಗಿಸುವ ಸಾದಾ ವಾಲ್ಯೂಮ್ ಗುಂಡಿಯ ಒಳಗೆ ಎಡಕ್ಕೊಂದು ಬಲಕ್ಕೊಂದು ಎರಡು ಪಟ್ಟಿ ಇರುತ್ತವೆ. ಶುರುವಿನ ಸ್ವಲ್ಪ ಭಾಗದಲ್ಲಿ ಅವೆರಡೂ ಸಮ ಇರುವುದಿಲ್ಲ. ಗುಂಡಿಯನ್ನು ಗಡಿಯಾರದ ಮುಳ್ಳು ಅಂದುಕೊಂಡರೆ 7 ಗಂಟೆಯಿಂದ 8 ಗಂಟೆಯ ನಡುವೆ ಈ ಕಾಟ. ಮೆಲ್ಲಗೆ ಕೇಳುವವರು ಇರುವುದೇ ಅಲ್ಲಿ. ಇನ್ನೊಂದು ಕಾಟವೂ ಅಲ್ಲೇ ಇದೆ, ಕೂದಲೆಳೆ ತಿರುಗಿಸಿದರೆ ಸದ್ದು ದಢಕ್ಕನೆ ಏರುತ್ತದೆ.

ಇದಕ್ಕೆ ಕಾರಣ ಹಳೆಯದು. ಹಿಂದಿನ ಕಾಲದ ಆಂಪ್‌ಗಳು 150-200 ಮಿಲಿವೋಲ್ಟ್ ಸಿಗ್ನಲ್ ಬಂದರೆ ಪೂರ್ತಿ ಶಕ್ತಿ ಕೊಡುವ ಹಾಗೆ ಮಾಡಿದ್ದವು. ಸಿಡಿ ಪ್ಲೇಯರ್ ಬಂದ ಮೇಲೆ ಸಿಗ್ನಲ್ 2 ವೋಲ್ಟ್ ಆಯಿತು, ಅಂದರೆ ಹತ್ತು ಪಟ್ಟಿಗೂ ಮೇಲೆ. ಈಗಿನ ಡ್ಯಾಕ್‌ಗಳೂ, ಅಂದರೆ ಡಿಜಿಟಲ್ ಹಾಡನ್ನು ವಿದ್ಯುತ್ ಸಿಗ್ನಲ್ ಮಾಡಿಕೊಡುವ ಸಾಧನಗಳೂ, ಸಾಮಾನ್ಯವಾಗಿ ಅಷ್ಟೇ ಕೊಡುತ್ತವೆ. ಹಾಗಾಗಿ ಗುಂಡಿ 9 ಗಂಟೆ ಮುಟ್ಟುವುದರೊಳಗೆ ಮನೆ ತುಂಬಿಬಿಡುತ್ತದೆ.

ಪರಿಹಾರ ಸುಲಭ. ಆಂಪ್‌ಗೆ ಬರುವ ಸಿಗ್ನಲನ್ನೇ ಇಳಿಸಿ. ಪ್ಲೇಯರಿನಿಂದ ಆಂಪ್‌ಗೆ ಬರುವ ಆರ್‌ಸಿಎ ತಂತಿಯ ತುದಿಗೆ ಸಿಕ್ಕಿಸುವ 10 ಅಥವಾ 20 ಡೆಸಿಬೆಲ್‌ನ ‘ಅಟೆನ್ಯುಯೇಟರ್’ ಸಿಗುತ್ತವೆ. ಬೆರಳಿನಷ್ಟು ಉದ್ದದ ತುಂಡು, ಒಳಗೆ ಎರಡು ರೆಸಿಸ್ಟರ್. ಅದನ್ನು ಹಾಕಿದ ಮೇಲೆ ನನ್ನ ರಾತ್ರಿಯ ಮಟ್ಟ 8ರಿಂದ 11 ಗಂಟೆಗೆ ಬಂತು, ಹಾಡುವವರು ನಡುವೆ ಬಂದು ನಿಂತರು. ಜೊತೆಗೆ, ಮೊದಲು ಹೇಳಿದ ಲೌಡ್‌ನೆಸ್ ಬಟನ್ ಬಳಸುವವರು ಗಮನಿಸಿ. ಗುಂಡಿಯ ಜಾಗ ಬದಲಾದರೆ ಅದು ಕೊಡುವ ಬೇಸ್ ಕೂಡ ಬದಲಾಗುತ್ತದೆ, ಮತ್ತೆ ಹೊಂದಿಸಿಕೊಳ್ಳಬೇಕು.

ಅಟೆನ್ಯುಯೇಟರ್ ಬೇಡ ಅಂದರೆ ಕಂಪ್ಯೂಟರ್ ಅಥವಾ ಪ್ಲೇಯರಿನ ವಾಲ್ಯೂಮನ್ನೇ 20 ಡೆಸಿಬೆಲ್ ಇಳಿಸಿ. ಡಿಜಿಟಲ್‌ನಲ್ಲಿ ಇಳಿಸಿದರೆ ಗುಣಮಟ್ಟ ಹಾಳು ಅನ್ನುವ ಮಾತು ಹಳೆಯದಾಯಿತು. 6 ಡೆಸಿಬೆಲ್‌ಗೆ ಒಂದು ಬಿಟ್ ಹೋಗುತ್ತದೆ, ನಿಜ. 24 ಬಿಟ್ ಡ್ಯಾಕ್‌ಗೆ 16 ಬಿಟ್ ಹಾಡು ಕಳಿಸುವಾಗ ಎಂಟು ಬಿಟ್ ಖಾಲಿಯೇ ಇರುತ್ತದೆ. 48 ಡೆಸಿಬೆಲ್ ತನಕ ಚಿಂತೆಯಿಲ್ಲ. ಒಂದೇ ಅಪಾಯ, ಯಾವತ್ತೋ ಆ ವಾಲ್ಯೂಮ್ ತಾನಾಗಿ ನೂರಕ್ಕೆ ಹೋದರೆ ನಡುರಾತ್ರಿ ಮನೆಯೆಲ್ಲ ಎದ್ದು ಕೂರುತ್ತದೆ. ನನಗೆ ಅಟೆನ್ಯುಯೇಟರ್ ಮೇಲೇ ನಂಬಿಕೆ ಜಾಸ್ತಿ.

ಬ್ಲೂಟೂತ್ ಸ್ಪೀಕರ್ ಆದರೆ ಎಷ್ಟೋ ಕಡೆ ಫೋನ್ ಮತ್ತು ಸ್ಪೀಕರ್ ಎರಡರ ವಾಲ್ಯೂಮೂ ಒಂದೇ ಆಗಿ ಬೆಸೆದಿರುತ್ತದೆ. ತೀರಾ ಕೆಳಗಿನ ಮೆಟ್ಟಿಲೂ ಜೋರು ಅನ್ನಿಸಿದರೆ ಹಾಡಿನ ಆಪ್‌ನ ಈಕ್ವಲೈಜರಿನಲ್ಲಿ ಪ್ರೀಆಂಪ್ ಇಳಿಸಿ, ನಡುವಿನ ಮೆಟ್ಟಿಲುಗಳು ಸಿಗುತ್ತವೆ.

ಸಿನಿಮಾ ನೋಡುವಾಗ

ಇಲ್ಲಿ ತೊಂದರೆ ಬೇಸ್‌ನದಲ್ಲ. ಮಾತು ಕೇಳುವುದಿಲ್ಲ, ಏರಿಸಿದರೆ ಬಾಂಬ್ ಸಿಡಿಯುತ್ತದೆ. ರಿಮೋಟ್ ಕೈಯಲ್ಲೇ ಹಿಡಿದು ಕೂರಬೇಕು.

ಟಿವಿ ಅಥವಾ ರಿಸೀವರಿನಲ್ಲಿ ‘ನೈಟ್ ಮೋಡ್’, ‘ಡೈನಾಮಿಕ್ ರೇಂಜ್ ಕಂಪ್ರೆಶನ್’ ಅಥವಾ ಅದನ್ನೇ ಚಿಕ್ಕದಾಗಿ ‘ಡಿಆರ್‌ಸಿ’ ಅಂತ ಇರುತ್ತದೆ. ಅದನ್ನು ಹಾಕಿ. ಜೋರಿನದನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುತ್ತದೆ. ಹಾಡಿಗೆ ಮಾತ್ರ ಇದನ್ನು ಹಾಕಬೇಡಿ, ಉಸಿರೆಲ್ಲ ಚಪ್ಪಟೆಯಾಗುತ್ತದೆ. ಐದು ಸ್ಪೀಕರ್ ಇರುವವರು ನಡುವಿನದನ್ನು 2-3 ಡೆಸಿಬೆಲ್ ಏರಿಸಿ, ಮಾತೆಲ್ಲ ಬರುವುದು ಅಲ್ಲಿಂದ. ಎರಡೇ ಸ್ಪೀಕರ್ ಇರುವವರು ಟಿವಿಯ ಆಡಿಯೋ ಔಟ್‌ಪುಟ್ ‘ಪಿಸಿಎಂ’ ಅಥವಾ ‘ಸ್ಟೀರಿಯೋ’ ಅಂತ ಇದೆಯಾ ನೋಡಿ. ಸಿನಿಮಾದ ಆಪ್‌ನಲ್ಲಿ ಭಾಷೆ ಆರಿಸುವ ಕಡೆ 5.1 ಬದಲು ಸ್ಟೀರಿಯೋ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಐದರ ಮಿಶ್ರಣವನ್ನು ಎರಡಕ್ಕೆ ಹಿಂಡುವಾಗ ಎಷ್ಟೋ ಸಲ ಮಾತು ತೆಳ್ಳಗಾಗುತ್ತದೆ.

ರಾತ್ರಿಗೊಂದು ಗುರುತು

ಎಲ್ಲ ಹೊಂದಿಸಿದ ಮೇಲೆ ಈಕ್ವಲೈಜರಿನಲ್ಲಿ ಅದಕ್ಕೆ ‘ರಾತ್ರಿ’ ಅಂತ ಹೆಸರು ಕೊಟ್ಟು ಉಳಿಸಿ. ಆಂಪ್‌ನ ಗುಂಡಿಯ ಪಕ್ಕ ಒಂದು ಚುಕ್ಕೆ ಸ್ಟಿಕ್ಕರ್ ಅಂಟಿಸಿ, ಕುರ್ಚಿಯ ಕಾಲಿಗೆ ನೆಲದ ಮೇಲೆ ಗುರುತು ಹಾಕಿ. ಮೂರೂ ಸೇರಿದರೆ ಅರ್ಧ ನಿಮಿಷದಲ್ಲಿ ಹಾಡು ಶುರು ಮಾಡಬಹುದು, ಕತ್ತಲಲ್ಲಿ ತಡಕಾಡಬೇಕಿಲ್ಲ.

ಬೆಳಿಗ್ಗೆ ಅದನ್ನು ತೆಗೆಯುವುದು ಮರೆಯಬೇಡಿ. ರಾತ್ರಿಗೆ ಅಳತೆ ಮಾಡಿ ಕೊಟ್ಟ ಬೇಸ್ ಹಗಲಿನ ವಾಲ್ಯೂಮಿಗೆ ವಿಪರೀತ. ನಾನು ಒಮ್ಮೆ ಮರೆತಿದ್ದೆ. ಬೆಳಿಗ್ಗೆ ಮನೆಯವರು ವಾರ್ತೆ ಹಾಕಿದರು. ವಾರ್ತೆ ಓದುವವರ ಒಂದೊಂದು ಮಾತಿಗೂ ಕಪಾಟಿನ ಗಾಜು ಟರ್ ಅನ್ನುತ್ತಿತ್ತು.